ಟವೆಲ್ ನಿಲ್ಲದ ಸೀಟು

ನನ್ನ ಸೋದರಮಾವನ ಗಂಟಲಲ್ಲಿ ಒಂದು ಬಾಗಿಲಿದೆ. ಕಡಲೆಕಾಳಿಗಿಂತ ತುಸು ದೊಡ್ಡದು, ಮೆತ್ತನೆಯ ಸಿಲಿಕೋನಿನದು, ಒಂದೇ ಕಡೆಗೆ ತೆರೆದುಕೊಳ್ಳುವಂಥದು. ತಂಬಾಕಿನಿಂದ ಧ್ವನಿಪೆಟ್ಟಿಗೆಗೆ ಕ್ಯಾನ್ಸರ್ ಬಂದು, ಡಾಕ್ಟರು ಅದನ್ನು ಪೂರ್ತಿ ತೆಗೆದ ಮೇಲೆ ಮಾಮಾ ಉಸಿರಾಡುವುದು ಕುತ್ತಿಗೆಯ ಬುಡದಲ್ಲಿರುವ ತೂತಿನಿಂದ. ಉಸಿರಿನ ಕೊಳವೆಗೂ ಅನ್ನದ ಕೊಳವೆಗೂ ನಡುವಿನ ಗೋಡೆಯಲ್ಲಿ ಈ ವಾಲ್ವ್ ಕೂತಿದೆ. ಮಾತಾಡಬೇಕಾದಾಗ ಅವನು ಹೆಬ್ಬೆರಳಿನಿಂದ ತೂತು ಮುಚ್ಚುತ್ತಾನೆ. ಹೊರಗೆ ಹೋಗಲು ದಾರಿ ಸಿಗದ ಗಾಳಿ ವಾಲ್ವನ್ನು ತಳ್ಳಿಕೊಂಡು ಗಂಟಲಿಗೆ ನುಗ್ಗಿ, ಅಲ್ಲಿಯ ಮಾಂಸವನ್ನು ನಡುಗಿಸಿ ಮಾತಾಗುತ್ತದೆ. ಚಳಿಗಾಲದ ಬೆಳಿಗ್ಗೆ ಡಿಪೋದಲ್ಲಿ ಮೊದಲ ಬಸ್ಸು ಸ್ಟಾರ್ಟ್ ಆಗುವಾಗ ಗೊರಗುಡುತ್ತದಲ್ಲ, ಅಂಥ ದನಿ. ಈ ಹೋಲಿಕೆ ನನ್ನದಲ್ಲ, ಮಾಮಾನದೇ. ನನ್ನದಾಗಿದ್ದರೆ ಇನ್ನೂ ಕೆಟ್ಟದಾಗಿರುತ್ತಿತ್ತು.

ಮಾಮಾ ಬಾಗಲಕೋಟೆಯ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ಮೈಕಿನಲ್ಲಿ ಅವನು “ಬೇವೂರು ಮಾರ್ಗವಾಗಿ ಹುನಗುಂದಕ್ಕೆ ಹೋಗುವ ಬಸ್ಸು ಮೂರನೇ ಅಂಕಣದಲ್ಲಿ ನಿಂತಿದೆ” ಎಂದರೆ, ನಿಂತ ಬಸ್ಸಿಗೂ ತಾನು ನಿಂತಿರುವುದು ಖಾತ್ರಿಯಾಗುತ್ತಿತ್ತು. ನಾನು ಮೊದಲು ಕದ್ದ ದನಿ ಅದೇ. ಆಮೇಲೆ ಗಣಿತದ ಮಾಸ್ತರು, ಎದುರುಮನೆಯ ವಕೀಲರು, ನಮ್ಮಪ್ಪನ ಸೀನು, ಹೀಗೆ ಒಂದೊಂದೇ ಬಂದು ನನ್ನ ಗಂಟಲಲ್ಲಿ ಜಾಗ ಹಿಡಿದವು. ಈಗ ನಾನು ಅದೇ ನಿಲ್ದಾಣದ ಎದುರಿನ ಮೊಬೈಲ್ ಅಂಗಡಿಯಲ್ಲಿ ಗಿರಾಕಿಗಳ ಫೋನಿಗೆ ಸ್ಕ್ರೀನ್‌ಗಾರ್ಡ್ ಅಂಟಿಸುತ್ತೇನೆ, ಬಿಡುವಿದ್ದಾಗ ಅವರ ದನಿಯನ್ನು ನನಗೆ ಅಂಟಿಸಿಕೊಳ್ಳುತ್ತೇನೆ. ಸಂಬಳ ಮೊದಲನೆಯ ಕೆಲಸಕ್ಕೆ ಮಾತ್ರ.

ವಾಲ್ವ್ ಕೂಡಿಸಿದ ನಾಲ್ಕನೆಯ ತಿಂಗಳಿಗೆ ಮಾಮಾ ಚಹಾ ಕುಡಿದರೆ ಕೆಮ್ಮತೊಡಗಿದ. ಬಾಗಿಲು ಸರಿಯಾಗಿ ಮುಚ್ಚದೆ ಚಹಾ ಉಸಿರಿನ ಕೊಳವೆಗೆ ಸೋರುತ್ತಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಅದನ್ನು ತೆಗೆದು ಅಂಥದೇ ಇನ್ನೊಂದು ಹಾಕಿದರು, ತೆಗೆದದ್ದನ್ನು ಸ್ಟೀಲಿನ ಬಟ್ಟಲಲ್ಲಿಟ್ಟು ತೋರಿಸಿದರು. ಮುಚ್ಚಳದ ಅಂಚಿಗೆ ಹಳೆಯ ಬ್ರೆಡ್ಡಿನ ಮೇಲೆ ಬರುವಂಥ ಬಿಳಿ ಬೂಷ್ಟು ಹತ್ತಿತ್ತು.

ಡಾಕ್ಟರು ಮೈಸೂರು ಕಡೆಯವರು. ಅವರ ಮಾತಿಗೆ ಇಸ್ತ್ರಿ ಮಾಡಿರುತ್ತದೆ.

“ನೋಡಿ ಯಜಮಾನ್ರೇ, ಗಾಬರಿ ಪಡುವಂಥದ್ದೇನಿಲ್ಲ, ಆಯ್ತಾ? ಎಂಜಲಲ್ಲಿ, ಊಟದಲ್ಲಿ ಪ್ರೋಟೀನ್ ಇರುತ್ತೆ. ಅದು ಮೊದಲು ಬಂದು ಸಿಲಿಕೋನ್ ಮೇಲೆ ತೆಳ್ಳಗೆ ಒಂದು ಹಾಸಿಗೆ ಹಾಸುತ್ತೆ. ಬೂಷ್ಟು, ಬ್ಯಾಕ್ಟೀರಿಯಾ ಎಲ್ಲ ಆಮೇಲೆ ಬಂದು ಆ ಹಾಸಿಗೆ ಮೇಲೆ ಸಂಸಾರ ಹೂಡ್ತವೆ.”

ಮಾಮಾ ಹೆಬ್ಬೆರಳು ಒತ್ತಿದ. “ಅಂದ್ರ... ಟವೆಲ್ಲ ಒಗದಂಗರಿ.”

ಡಾಕ್ಟರಿಗೆ ತಿಳಿಯಲಿಲ್ಲ. ನಾನು ಬಿಡಿಸಿ ಹೇಳಿದೆ. ನಮ್ಮ ಕಡೆ ಬಸ್ಸು ನಿಲ್ದಾಣದೊಳಗೆ ತಿರುಗುವಷ್ಟರಲ್ಲಿ ಜನ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೆಯುತ್ತಾರೆ. ಟವೆಲ್ ಬಿತ್ತೆಂದರೆ ಸೀಟು ಅವರದಾಯಿತು. ಆಮೇಲೆ ಬಾಗಿಲಲ್ಲಿ ನೂಕಾಡಿಕೊಂಡು ಒಳಗೆ ಬಂದು, ಮಕ್ಕಳು ಮರಿ ಗಂಟುಮೂಟೆ ಸಮೇತ ನಿಧಾನಕ್ಕೆ ಕೂರುತ್ತಾರೆ. ಈ ಪ್ರೋಟೀನ್ ಅನ್ನುವುದು ಆ ಟವೆಲ್.

“ಅದೇ, ಅದೇ!” ಎಂದರು ಡಾಕ್ಟರು. “ಈಗ ಹೊಸ ಥರದ ವಾಲ್ವ್ ಬಂದಿದೆ. ಅದರ ಮೇಲೆ ಪಾಲಿಮರ್ ಲೇಪ ಇರುತ್ತೆ. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಹುಲ್ಲಿನ ಹಾಗೆ ಒತ್ತಾಗಿ ನಿಂತು, ಸುತ್ತ ನೀರನ್ನ ಹಿಡಿದಿಟ್ಟುಕೊಳ್ತವೆ. ಪ್ರೋಟೀನ್ ಬಂದರೆ ಅದಕ್ಕೆ ಸಿಗೋದು ಬರೀ ನೀರು. ನಿಲ್ಲೋಕೆ ನೆಲ ಸಿಗಲ್ಲ.”

“ಟವೆಲ್ಲ ಜಾರೂ ಸೀಟ” ಎಂದ ಮಾಮಾ, ಉಸಿರು ತೆಗೆದುಕೊಂಡು. “ನಮ್ಮ ಬಸ್ಸಿಗಿ ಹಾಕಿದ್ರ... ಅರ್ಧಾ ಜಗಳ ಕಡಿಮಿ ಆಗ್ತಿದ್ವು.”

ಆ ಲೇಪದ ವಾಲ್ವನ್ನು ಆಸ್ಪತ್ರೆಯವರು ಇಟ್ಟುಕೊಳ್ಳುವುದಿಲ್ಲ, ನಾವೇ ತರಿಸಬೇಕು. ತರಿಸಲು ಬರೆದು ಕಾದೆವು. ಅಷ್ಟರಲ್ಲಿ ಎರಡನೆಯ ವಾಲ್ವೂ ಸೋರತೊಡಗಿತು. ಆಗಲೇ ಒಂದು ದಿನ ಡಾಕ್ಟರು ನನಗೆ ಫೋನ್ ಮಾಡಿದರು. ಈ ವಾರ ಹೊಸ ವಾಲ್ವ್ ಬರುತ್ತದೆ, ಬರುವ ಸೋಮವಾರ ಹತ್ತು ಗಂಟೆಗೆ ಬನ್ನಿ, ಕೂಡಿಸುತ್ತೇನೆ ಎಂದು ಹೇಳಿ, ಆಮೇಲೆ ದನಿ ತಗ್ಗಿಸಿದರು. ವಾರ್ಡಿನಲ್ಲಿ ಇಳಕಲ್ಲಿನವರೊಬ್ಬರು ಇದ್ದಾರೆ, ಸೀರೆಯ ನೂಲಿಗೆ ಬಣ್ಣ ಹಾಕುವವರು, ಮಾಮಾನದೇ ರೋಗ. ಆಪರೇಷನ್ ಮಾಡಿದರೆ ಉಳಿಯುತ್ತಾರೆ, ಆದರೆ ಬೇಡ ಅನ್ನುತ್ತಿದ್ದಾರೆ. “ಆಮೇಲೂ ಮಾತಾಡಬಹುದು ಅಂತ ನಾನು ಎಷ್ಟು ಹೇಳಿದ್ರೂ ನಂಬ್ತಿಲ್ಲ. ನಿಮ್ಮ ಮಾವನೋರು ಅವರ ಹತ್ರ ಐದು ನಿಮಿಷ ಮಾತಾಡ್ತಾರಾ? ಸೋಮವಾರ ಮಧ್ಯಾಹ್ನ ಅವರು ಊರಿಗೆ ಹೊರಟುಬಿಡ್ತಾರೆ. ಮತ್ತೆ ಬರಲ್ಲ.”

ನಾನು ಹೇಳಿದ್ದನ್ನು ಮಾಮಾ ಪೂರ್ತಿ ಕೇಳಿಸಿಕೊಂಡ. ಎದ್ದು ಹೋಗಿ ಕನ್ನಡಿಯ ಮುಂದೆ ಗಡ್ಡ ಬೋಳಿಸಿಕೊಂಡ. ಆಪರೇಷನ್ ಆದ ಮೇಲೆ ಅವನನ್ನು ಮಾತಾಡು ಬಾ ಎಂದು ಯಾರೂ ಕರೆದಿರಲಿಲ್ಲ. ಸುಮ್ಮನಿರು, ದಣಿಯಬೇಡ ಎನ್ನುವವರೇ ಎಲ್ಲ. ಆ ವಾರ ಅವನು ಹಿತ್ತಲಲ್ಲಿ ಒಗೆಯುವ ಕಲ್ಲಿನ ಮೇಲೆ ಕೂತು, ಗಂಟಲಿಗೆ ಹೆಬ್ಬೆರಳು ಕೊಟ್ಟು, ಗೋಡೆಗೆ ಭಾಷಣ ಮಾಡಿದ. “ನಮಸ್ಕಾರ್ರಿ. ನನಗೂ ನಿಮಗಾದದ್ದ ಆಗಿತ್ತು.” ಸರಿ ಬರಲಿಲ್ಲವೆಂದು ಮತ್ತೆ ಮೊದಲಿನಿಂದ.

ಶನಿವಾರ ಮಾಮಾನ ಮನೆಗೆ ಪಾರ್ಸೆಲ್ ಬಂತು. ನಾನು ಹೋಗಿ ನೋಡಿದೆ. ಒಂದು ಪೆಟ್ಟಿಗೆ, ಅದರೊಳಗೆ ಬಿಗಿಯಾಗಿ ಮುಚ್ಚಿದ ಪಾರದರ್ಶಕ ಚೀಲ, ಅದರೊಳಗೆ ಆ ಪುಟ್ಟ ಬಾಗಿಲು. ಮಾಮಾನ ಹೆಂಡತಿ, ನಮ್ಮ ಅತ್ತಿ, ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಲೇಪ ಎಂಬುದರ ಬಗ್ಗೆ ಅತ್ತಿಗೆ ಮೊದಲಿನಿಂದಲೂ ಗುಮಾನಿ. ಯಾರೋ ಕೊಟ್ಟ ನಾನ್‌ಸ್ಟಿಕ್ ತವಾವನ್ನು ಮಸಿ ಹಿಡಿದಿದೆಯೆಂದು ತಿಳಿದು, ಬೂದಿ ಹಾಕಿ ಮೂರು ದಿನ ತಿಕ್ಕಿ ಬೆಳ್ಳಗೆ ಮಾಡಿಟ್ಟವಳು ಆಕೆ.

“ತಮ್ಮಾ, ಇದನ್ನ ಹಂಗ ಗಂಟಲಾಗ ಇಡ್ತಾರೇನೋ?”

“ಹಂಗ ಅಂದ್ರ?”

“ಅಲ್ಲೋ, ಕೊರಳಾಗ ಲಿಂಗ ಕಟ್ಟಿರ್ತೇವಿ. ಅದರ ಮ್ಯಾಲೆ ನಾಕ ಬೆರಳಿಗೆ ಇದು ಕುಂದ್ರತೈತಿ. ಒಂದ ಪೂಜಿ ಇಲ್ಲ, ಏನಿಲ್ಲ. ನಿಮ್ಮ ಡಾಕ್ಟರಗ ದೇವರು ದಿಂಡ್ರು ಅನ್ನೂದ ಇಲ್ಲ ನೋಡು.”

ಇಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಈ ಬರಹ ಇರುತ್ತಿರಲಿಲ್ಲ. ಅಂಗಡಿಗೆ ಹೋದವನೇ ರಿಪೇರಿಗೆ ಬಂದಿದ್ದ ಯಾರದೋ ಫೋನಿನಿಂದ ಮಾಮಾನ ಮನೆಗೆ ಫೋನ್ ಹಚ್ಚಿದೆ. ಅತ್ತಿ ಎತ್ತಿದಳು. ನಾನು ಗಂಟಲಿಗೆ ಇಸ್ತ್ರಿ ಹಾಕಿಕೊಂಡೆ.

“ಅಮ್ಮಾ, ನಾನು ಡಾಕ್ಟರ್ ಮಾತಾಡ್ತಿರೋದು. ವಾಲ್ವ್ ಬಂತಾ? ಒಳ್ಳೇದು. ಸೋಮವಾರ ತರೋ ಮುಂಚೆ ದೇವರ ಮುಂದಿಟ್ಟು ಒಂದು ಪೂಜೆ ಮಾಡಿಬಿಡಿ, ಆಯ್ತಾ? ಶಾಸ್ತ್ರೋಕ್ತವಾಗಿ. ಗಾಬರಿ ಪಡುವಂಥದ್ದೇನಿಲ್ಲ.”

“ಆತ್ರೀ ಸಾಹೇಬ್ರ!” ಅತ್ತಿಯ ದನಿ ಒದ್ದೆಯಾಗಿತ್ತು. “ನಿಮಗ ಪುಣ್ಯಾ ಬರಲಿ.”

ಫೋನ್ ಇಟ್ಟು ಒಬ್ಬನೇ ನಕ್ಕೆ. ಸಂಜೆ ಹೇಳಿ ಎಲ್ಲರನ್ನೂ ನಗಿಸೋಣ ಎಂದುಕೊಂಡೆ. ಸಂಜೆ ಬದಾಮಿಯ ಗೆಳೆಯನ ಮದುವೆಗೆ ಹೋದೆ, ಭಾನುವಾರವೂ ಅಲ್ಲೇ ಉಳಿದೆ. ಮಾಡಿದ ಕಿತಾಪತಿ ನನ್ನ ತಲೆಯಿಂದ ಪೂರ್ತಿ ಜಾರಿಹೋಗಿತ್ತು.

ಸೋಮವಾರ ಬೆಳಿಗ್ಗೆ ಆಟೊ ತಂದು ಮನೆಯೊಳಗೆ ಕಾಲಿಟ್ಟರೆ ಊದುಬತ್ತಿಯ ಹೊಗೆ. ದೇವರ ಜಗಲಿಯ ಮೇಲೆ ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ಹಾಲು, ಮೊಸರು, ತುಪ್ಪ, ಜೇನುತುಪ್ಪ, ಸಕ್ಕರೆ. ಅದರ ನಡುವೆ, ಚೀಲದಿಂದ ಬಿಡುಗಡೆಯಾಗಿ, ಮಲ್ಲಿಗೆ ಎಸಳೊಂದನ್ನು ತಲೆಯ ಮೇಲೆ ಹೊತ್ತು ನಮ್ಮ ವಾಲ್ವ್ ಸ್ನಾನ ಮಾಡುತ್ತಿತ್ತು. ಅತ್ತಿ ಅದನ್ನು ಎತ್ತಿ, ನೀರು ಹಾಕಿ ತೊಳೆದು, ಎಡಗೈಯ ಅಂಗೈ ಮೇಲಿಟ್ಟುಕೊಂಡು ವಿಭೂತಿ ಹಚ್ಚುತ್ತಿದ್ದಳು.

“ನೋಡೋ ತಮ್ಮಾ, ವಿಭೂತಿ ನಿಲ್ಲವಲ್ದು. ನಿನ್ನೆಯಿಂದ ಹಚ್ಚಾಕತ್ತೇನಿ, ಜಾರಿ ಹೋಗತೈತಿ. ಸ್ವಲ್ಪ ತಿಕ್ಕಿ ಹಚ್ಚೇನಿ, ಈಗ ಒಂದೀಟ ಹಿಡದೈತಿ.”

ಪ್ರೋಟೀನೂ ಬ್ಯಾಕ್ಟೀರಿಯಾವೂ ಹತ್ತಬಾರದೆಂದು ಯಾವುದೋ ದೇಶದಲ್ಲಿ ಯಾರೋ ವರ್ಷಗಟ್ಟಲೆ ಕೂತು ಮಾಡಿದ ವಸ್ತುವನ್ನು ನಮ್ಮ ಅತ್ತಿ ಹಾಲಿನಲ್ಲೂ ಮೊಸರಿನಲ್ಲೂ ಅದ್ದಿ ಬೂದಿಯಿಂದ ತಿಕ್ಕಿದ್ದಳು. ಅದಕ್ಕೆ ಅಪ್ಪಣೆ ಕೊಟ್ಟವನು ನಾನು. ಅಲ್ಲೇ ಕೂತು, ಎಲ್ಲ ಹೇಳಿದೆ. ಅತ್ತಿ ಮೊದಲು ನಗಲು ನೋಡಿದಳು. ಆಮೇಲೆ ಅಂಗೈಯನ್ನು ನೋಡಿಕೊಂಡಳು.

ಮಾಮಾ ಇಸ್ತ್ರಿ ಮಾಡಿದ ಅಂಗಿ ಹಾಕಿ, ಕುತ್ತಿಗೆಗೆ ಹೊಸ ಬಿಳಿ ಬಟ್ಟೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಅವನು ಹೆಬ್ಬೆರಳನ್ನು ಎತ್ತಿದ, ಗಂಟಲ ತನಕ ತಂದ, ಮತ್ತೆ ಇಳಿಸಿದ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೈಗುಳಕ್ಕೂ ಉಸಿರು ಉಳಿಸಿ ಲೆಕ್ಕ ಹಾಕಬೇಕಾದ ಮನುಷ್ಯನ ಮುಂದೆ, ಊರ ಮಂದಿಯ ದನಿಯನ್ನೆಲ್ಲ ಪುಕ್ಕಟೆ ಪೋಲು ಮಾಡುವ ನಾನು ಕೂತಿದ್ದೆ. ಅವನು ಆಟೊ ಕಡೆ ಕೈ ತೋರಿಸಿದ. ಹೊರಡು ಎಂದು.

ಆಟೊದಲ್ಲಿ ಅತ್ತಿ ಮೆಲ್ಲಗೆ ಒಂದು ಉಪಾಯ ತೆಗೆದಳು. “ಹಿಂಗ ಮಾಡಿದ್ರ ಹೆಂಗ? ಇವ್ರು ಬಾಯಿ ಆಡಸ್ಲಿ. ನೀ ಪರದೆ ಹಿಂದ ನಿಂತು ಇವ್ರ ಮೊದಲಿನ ದನಿ ತಗಿ. ಆ ಮನಷ್ಯಾ ಒಪ್ಪಿದ್ರ ಸಾಕಲ್ಲ?”

ಒಂದು ಕ್ಷಣ ನನಗೂ ಸರಿಯೆನಿಸಿತು, ನಾಚಿಕೆ ಬಿಟ್ಟು ಹೇಳುತ್ತೇನೆ. ಮಾಮಾ ಗಂಟಲು ಮುಚ್ಚಿ ಒಂದೇ ಮಾತು ಅಂದ: “ಮೋಸ.”

ಡಾಕ್ಟರ ಮುಂದೆ ನಿಂತು ನಾನು ಅವರ ದನಿ ತೆಗೆದ ಕಥೆಯನ್ನು ಅವರಿಗೇ ಹೇಳಬೇಕಾಯಿತು. ಅವರು ಕನ್ನಡಕ ತೆಗೆದರು. “ಎಲ್ಲಿ, ಏನಂತ ಹೇಳಿದ್ರಿ? ಹಾಗೇ ಹೇಳಿ.” ಬಾಯಿ ತೆರೆದೆ. ಆ ದನಿ ಬರಲಿಲ್ಲ. ವಕೀಲರದ್ದಾಗಲಿ ಮಾಸ್ತರದ್ದಾಗಲಿ ಯಾವುದೂ ಕೈ ಹಿಡಿಯಲಿಲ್ಲ. ಬಂದದ್ದು ಬರೀ ನನ್ನದು, ಬಳಸದೆ ಇಟ್ಟದ್ದಕ್ಕೋ ಏನೋ ತೆಳ್ಳಗಿತ್ತು. “ತಪ್ಪಾತ್ರಿ ಸರ್” ಎಂದಷ್ಟೇ ಹೇಳಿತು.

ಅವರು ವಾಲ್ವನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದರು. ಒಮ್ಮೆ ಬಿಚ್ಚಿದ್ದನ್ನು, ಅದರಲ್ಲೂ ಹೀಗೆ ಬಿಚ್ಚಿದ್ದನ್ನು ಮೈಯೊಳಗೆ ಹಾಕಲಾಗದು. ಕುದಿಸಿ ಶುದ್ಧ ಮಾಡಲು ಹೋದರೆ ಲೇಪ ಉಳಿಯುವ ಭರವಸೆಯಿಲ್ಲ. ಹಳೆಯ ಬಗೆಯದೂ ಸದ್ಯ ಆಸ್ಪತ್ರೆಯಲ್ಲಿ ಇರಲಿಲ್ಲ. ಇನ್ನೆರಡು ವಾರ ಸೋರುವ ವಾಲ್ವೇ ಗತಿ, ನೀರು ಚಹಾ ಕುಡಿಯುವಾಗ ಜೋಪಾನ. “ಆ ಇಳಕಲ್ಲಿನವರ ವಿಷಯ...” ಎಂದು ಡಾಕ್ಟರು ನಿಲ್ಲಿಸಿದರು. “ನೀವು ಕೆಮ್ಮೋದನ್ನ ನೋಡಿದ್ರೆ ಅವರು ಇನ್ನೂ ಹೆದರ್ತಾರೆ. ಬೇಡ ಬಿಡಿ.”

ಮಾಮಾ ಆಗಲೇ ವಾರ್ಡಿನ ಕಡೆ ನಡೆದಿದ್ದ. ವಾಲ್ವನ್ನು ಕೈಯಲ್ಲಿ ಹಿಡಿದೇ ಡಾಕ್ಟರು, ಅವರ ಜೊತೆ ನಾನು, ಹಿಂದೆ ಹೋದೆವು.

ಕಿಟಕಿಯ ಪಕ್ಕದ ಮಂಚದಲ್ಲಿ ಆ ಇಳಕಲ್ಲಿನವರು ಕೂತಿದ್ದರು. ಐವತ್ತರ ಆಸುಪಾಸು, ಬಿಳಿ ಟೋಪಿ, ನರೆತ ಗಡ್ಡ. ಕೈಯ ಉಗುರುಗಳು ಒಂದೊಂದು ಬಣ್ಣ, ಕೆಂಪು, ಹಸಿರು, ನೀಲಿ. ಹೆಂಡತಿ ಚೀಲ ಕಟ್ಟಿ ಮುಗಿಸಿ, ಥರ್ಮಾಸಿನಿಂದ ಚಹಾ ಬಗ್ಗಿಸುತ್ತಿದ್ದರು. ಅತ್ತಿ ಹೊರಗೆ ಕಾರಿಡಾರಿನ ಬೆಂಚಿನಲ್ಲೇ ಉಳಿದಳು, ನಾಚಿಕೆಯಾಗಿ.

“ನಮಸ್ಕಾರ್ರಿ” ಎಂದ ಮಾಮಾ. “ನನಗೂ... ನಿಮಗಾದದ್ದ ಆಗಿತ್ತು.”

ಅವರು ಮಾಮಾನ ಹೆಬ್ಬೆರಳನ್ನೇ ನೋಡಿದರು. ರೋಗ ತಿಂದು ಉಳಿಸಿದ ಪಿಸುದನಿಯಲ್ಲಿ, “ಕುಂದರ್ರಿ. ಚಹಾ ತಗೋರಿ” ಎಂದರು. ಹೆಂಡತಿ ಕಪ್ಪು ಮುಂದೆ ಹಿಡಿದರು.

ಡಾಕ್ಟರು ಬೇಡವೆಂದು ಕಣ್ಸನ್ನೆ ಮಾಡಿದರು, ನಾನು ಅಂಗಿ ಜಗ್ಗಿದೆ. ಮಾಮಾ ಕಪ್ಪು ತೆಗೆದುಕೊಂಡ. ನನ್ನನ್ನೊಮ್ಮೆ, ಡಾಕ್ಟರನ್ನೊಮ್ಮೆ ನೋಡಿ ಒಂದು ಗುಟುಕು ಕುಡಿದ. ಕುಡಿದವನೇ ಕೆಮ್ಮಿದ. ಕುತ್ತಿಗೆಯ ಬಿಳಿ ಬಟ್ಟೆ ಉಬ್ಬಿ ಉಬ್ಬಿ ಇಳಿಯಿತು, ಅದರ ಮೇಲೆ ಚಹಾದ ಕಲೆ ಮೂಡಿತು. ಆ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮುಗಿಯಿತು, ಈ ಮನುಷ್ಯ ಊರಿಗೆ ಹೋಗುತ್ತಾನೆ, ಅಲ್ಲಿ ಸಾಯುತ್ತಾನೆ, ಅದಕ್ಕೆ ಕಾರಣ ಶನಿವಾರದ ನನ್ನ ಒಂದು ಫೋನು, ಎಂದುಕೊಂಡೆ.

ಮಾಮಾ ಒರೆಸಿಕೊಂಡು, ಉಸಿರು ಹಿಡಿದು, ಹೆಬ್ಬೆರಳು ಒತ್ತಿದ. “ಇದನ್ನೂ ನೋಡಿ ಇಡ್ರಿ. ಹಿಂಗೂ ಆಗತೈತಿ.”

ಅವರು ಮುಂದೆ ಬಾಗಿ ಬಟ್ಟೆಯ ಮೇಲಿನ ಕಲೆಯನ್ನು ನೋಡಿದರು. “ಯಾಕ ಆಗತೈತ್ರಿ?”

“ಬೂಷ್ಟ ಬರತೈತಿ. ಬದಲಿ ಮಾಡಬೇಕು. ಇವತ್ತ ಮಾಡೂದಿತ್ತು...” ಮಾಮಾ ನನ್ನ ಕಡೆ ಗದ್ದ ತಿರುಗಿಸಿದ. “ಇಂವಾ ಹೇಳ್ತಾನ.”

ಆ ವಾರ್ಡಿನಲ್ಲಿ ನಿಂತು ಎರಡನೆಯ ಸಲ ಹೇಳಿದೆ. ಪಂಚಾಮೃತಕ್ಕೆ ಬಂದಾಗ ಅವರ ಭುಜ ಕುಣಿಯತೊಡಗಿತು. ದನಿಯಿಲ್ಲದ ನಗು. ಹೆಂಡತಿಯೂ ನಕ್ಕರು. ಪಕ್ಕದ ಮಂಚದವರೂ ನಕ್ಕರು. ನಾನು ಬದುಕಿನಲ್ಲಿ ಜನರನ್ನು ನಗಿಸಿದ್ದರಲ್ಲಿ ಇದೊಂದೇ ನಾನು ನಗಿಸಲು ಹೋಗದೆ ಇದ್ದದ್ದು.

“ಕೊಡು ಇಲ್ಲೆ, ನೋಡೂಣು” ಎಂದು ಅವರು ಕೈ ಚಾಚಿದರು. ಡಾಕ್ಟರು ಪೂಜೆಯಾದ ವಾಲ್ವನ್ನು ಕೊಟ್ಟರು. ಅವರು ಅದನ್ನು ಹೆಬ್ಬೆರಳಿನಿಂದ ಸವರಿ ನೋಡಿ, ತಮ್ಮ ಚಹಾದ ಕಪ್ಪಿನಲ್ಲಿ ಮುಳುಗಿಸಿ ಬಿಟ್ಟರು. ನೂಲಿನ ಲಡಿಯನ್ನು ಹಂಡೆಯಲ್ಲಿ ಬಿಟ್ಟಂತೆ, ಆತುರವಿಲ್ಲದೆ. ಆಮೇಲೆ ಎತ್ತಿ, ನೀರಿನಲ್ಲಿ ಆಡಿಸಿ, ಕಿಟಕಿಯ ಬೆಳಕಿಗೆ ಹಿಡಿದರು. ಎಲ್ಲ ಕಡೆ ಚೊಕ್ಕ. ಅತ್ತಿ ಬೂದಿ ಹಾಕಿ ತಿಕ್ಕಿದ ಒಂದು ಪಟ್ಟೆಯಲ್ಲಿ ಮಾತ್ರ ಹಾಲಿನ ಕೆನೆ ಎಳೆಯಾಗಿ ಹತ್ತಿತ್ತು.

“ಇಲ್ಲೆ ಗೀರ ಬಿದ್ದೈತಿ, ಇಲ್ಲೆ ಹಿಡೀತು” ಎಂದರು. “ನೂಲಿಗಿ ಎಣ್ಣಿ ಜಿಡ್ಡ ಇದ್ರ ಬಣ್ಣ ಹಿಡಿಯೂದಿಲ್ರಿ. ಅದನ್ನ ತೊಳದು ತೊಳದು ಹಿಡಿಸೂದ ನಮ್ಮ ಬಾಳೇವು. ಇಲ್ಲೆ ಹಿಡೀದಂಗ ಮಾಡೂದ ಒಂದ ಕಸಬ ಆಗೈತಿ. ಎಷ್ಟ ದಿನ ನಿಲ್ಲತೈತ್ರಿ ಡಾಕ್ಟರ್ ಸಾಹೇಬ್ರ, ಈ ಲೇಪ?”

“ಮಾಮೂಲಿಗಿಂತ ಹೆಚ್ಚು ದಿನ ಬರಬೇಕು” ಎಂದರು ಡಾಕ್ಟರು. “ಇಷ್ಟೇ ಅಂತ ಖಾತ್ರಿ ಕೊಡೋಕಾಗಲ್ಲ. ಲೇಪವೂ ಸವೆಯುತ್ತೆ.”

“ಹಾಂ. ಪಕ್ಕಾ ಬಣ್ಣ ಅಂತ ಆಣಿ ಮಾಡೂ ಅಂಗಡ್ಯಾಂವನ್ನ ನಾ ನಂಬೂದಿಲ್ಲ. ಹಾಕಾಂವ ನಾನ ಅಲ್ಲೇನ್ರಿ, ನನಗ ಗೊತ್ತು.” ಅವರು ನನ್ನ ಕಡೆ ತಿರುಗಿದರು. “ಎಲ್ಲಾರ ದನಿ ತಗೀತಾನಂತ ಈ ಹುಡಗ?”

“ಎಲ್ಲಾರದೂ” ಎಂದ ಮಾಮಾ.

“ಬಿಳೀ ನೂಲ ಐತಿ ಹಂಗಾರ. ಯಾವ ಹಂಡೇದಾಗ ಅದ್ದಿದ್ರೂ ಹಿಡೀತೈತಿ.”

ನಾನು ಎಲ್ಲರ ಬಗ್ಗೆ ಆಡುವ ಮಾತುಗಳಲ್ಲಿ ಇಷ್ಟು ನೇರವಾಗಿ ಗುರಿಗೆ ತಗುಲಿದ್ದು ಒಂದೂ ಇಲ್ಲ.

ಆಮೇಲೆ ಅವರ ಮುಖದಿಂದ ನಗು ಇಳಿಯಿತು. ಎರಡೂ ಕೈ ಮುಂದೆ ಚಾಚಿದರು. “ನನ್ನ ಕೈ ಎರಡೂ ಹಂಡೇದಾಗ ಇರ್ತಾವ್ರಿ. ಬಣ್ಣ ಕೂಡೂ ಹೊತ್ತಿಗೆ ಒಳಗಿದ್ದ ಇಕಿನ್ನ ಕರೀಬೇಕು, ಉಪ್ಪ ತಾ, ನೀರ ತಾ ಅಂತ. ಹೆಬ್ಬಟ್ಟ ಎಲ್ಲಿಂದ ತರ್ಲಿ? ಕರದ್ರ ಕೇಳತೈತೋ ಇಲ್ಲೋ?”

ಅದು ಅವರ ನಿಜವಾದ ಭಯ ಎಂದು ನಮಗೆಲ್ಲ ಆಗ ತಿಳಿಯಿತು. ಮಾಮಾ ಬಾಗಿಲ ಕಡೆ ತಿರುಗಿ, ಎದೆ ತುಂಬ ಗಾಳಿ ತೆಗೆದುಕೊಂಡು, ಗಂಟಲು ಒತ್ತಿ ಕೂಗಿದ: “ಏ, ಕೇಳಿಲ್ಲೆ!”

ಮೊದಲಿನ ಮೈಕಿನ ದನಿಯೆಲ್ಲಿ, ಇದೆಲ್ಲಿ. ಆದರೆ ಗೋಡೆಯಾಚೆಯ ಕಾರಿಡಾರಿನಿಂದ, ಗದ್ದಲದ ನಡುವಿನಿಂದ, ಅಡುಗೆಮನೆಯಿಂದ ಬರುವಷ್ಟೇ ಸಲೀಸಾಗಿ ಅತ್ತಿಯ ಉತ್ತರ ಬಂತು: “ಬಂದೆರೀ, ಏನಾತು?” ಸೆರಗು ಸರಿ ಮಾಡಿಕೊಳ್ಳುತ್ತ ಬಾಗಿಲಲ್ಲಿ ಬಂದು ನಿಂತಳು. ಎಲ್ಲರೂ ತನ್ನನ್ನೇ ಯಾಕೆ ನೋಡುತ್ತಿದ್ದಾರೆಂದು ಆಕೆಗೆ ತಿಳಿಯಲಿಲ್ಲ.

“ಒಂದ ಕೈ ಹಂಡೇದಾಗಿಂದ ತಗೀರಿ” ಎಂದ ಮಾಮಾ ಅವರಿಗೆ. “ಮಾತಾಡೂದೂ... ಈಗ ಒಂದ ಕೆಲಸ.”

ಅವರು ಹೆಂಡತಿಯ ಮುಖ ನೋಡಿದರು. ಆಕೆ ಕಟ್ಟಿಟ್ಟ ಚೀಲದ ಗಂಟನ್ನು ಬಿಚ್ಚತೊಡಗಿದರು.

“ಇಲ್ಲೀತನ ಬಂದಾವರೆಲ್ಲಾ ಏನೂ ಆಗೂದಿಲ್ಲ ಅಂದ್ರು” ಎಂದರು ಅವರು ಡಾಕ್ಟರಿಗೆ. “ಇವರೊಬ್ರು ಆಗೂದನ್ನ ತೋರಿಸಿದ್ರು. ಕಾಗದ ತರಿಸ್ರಿ, ಸಹಿ ಮಾಡ್ತೇನಿ.”

ಇಳಕಲ್ಲಿನವರ ಆಪರೇಷನ್ ಆಯಿತು, ಮುಂದೆ ಅವರಿಗೂ ಲೇಪದ ವಾಲ್ವನ್ನೇ ಕೂಡಿಸಿದರು. ಎರಡು ವಾರಕ್ಕೆ ಮಾಮಾನಿಗೆ ಲೇಪದ ವಾಲ್ವ್ ಬಂತು. ಈ ಸಲ ಅದು ಅಂಗಡಿಯ ವಿಳಾಸಕ್ಕೆ ಬಂದು, ಬಿಗಿದ ಚೀಲದಲ್ಲೇ ಡಾಕ್ಟರ ಕೈ ಸೇರಿತು. ಅತ್ತಿ ಪೆಟ್ಟಿಗೆಯ ಹೊರಗಿನಿಂದ ಕೈ ಮುಗಿದಳು, ಅಷ್ಟೇ. ನಾನು ದನಿ ತೆಗೆಯುವುದನ್ನು ಬಿಟ್ಟಿಲ್ಲ, ಬಿಟ್ಟೆನೆಂದರೆ ನಮ್ಮ ಓಣಿಯಲ್ಲಿ ಯಾರೂ ನಂಬುವುದಿಲ್ಲ. ಫೋನಿನಲ್ಲಿ ಮಾತ್ರ ಬಿಟ್ಟಿದ್ದೇನೆ.

ಮೊನ್ನೆ ಮಧ್ಯಾಹ್ನ ಅಂಗಡಿಯಲ್ಲಿ ಫೋನ್ ಬಂತು. ಗುರುತಿಲ್ಲದ ನಂಬರು, ತಣ್ಣಗಿನ ಎಂಜಿನ್ನಿನ ದನಿ. “ಏನ್ ಮಾಮಾ, ಯಾರ ಫೋನಿಂದ ಹಚ್ಚೀದಿ?” ಎಂದೆ.

“ನಿಮ್ಮ ಮಾಮಾ ಅಲ್ಲೋ” ಎಂದಿತು ದನಿ. “ಇಳಕಲ್ಲಿನಾಂವ.”

ಯಾರ ದನಿಯಾದರೂ ಎರಡು ಅಕ್ಷರಕ್ಕೆ ಹಿಡಿಯುವ ನಾನು ಮೋಸ ಹೋಗಿದ್ದೆ. ವಾಲ್ವ್ ಎಲ್ಲರಿಗೂ ಹೆಚ್ಚು ಕಡಿಮೆ ಒಂದೇ ದನಿ ಕೊಡುತ್ತದೆ. ಕಿವಿಗೊಟ್ಟರೆ ಆಮೇಲೆ ತಿಳಿಯುತ್ತದೆ. ಮಾಮಾ ಪ್ರತಿ ಮಾತನ್ನೂ ವೇಳೆಗೆ ಸರಿಯಾಗಿ ಬಿಡುತ್ತಾನೆ, ಇವರು ಅದ್ದಿ, ಹಿಂಡಿ, ಎತ್ತುತ್ತಾರೆ.

“ನನ್ನ ಚಹಾ ಸೋರಾಕ ಹತ್ತೈತಿ. ಏಳನೇ ತಿಂಗಳ ನಡದೈತಿ. ನಿಮ್ಮ ಮಾಮಾಂದು ಎಷ್ಟಕ್ಕ ಸೋರಿತು?”

“ಎಂಟ ಮುಗದಾವ್ರಿ. ಇನ್ನೂ ಸೋರಿಲ್ಲ.”

“ಸುಳ್ಳ. ಕೊಡು ಅವರ ಕೈಯಾಗ.”

ಅಷ್ಟರಲ್ಲೇ ಮಾಮಾ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಪೇಪರ್ ಬಿಡಿಸಿದ್ದ. ಒಂದು ಕೈಯಲ್ಲಿ ಫೋನ್ ಕಸಿದುಕೊಂಡ, ಇನ್ನೊಂದು ಕೈಯ ಹೆಬ್ಬೆರಳನ್ನು ಗಂಟಲಿಗೆ ಕೊಟ್ಟ. ಸ್ಪೀಕರ್ ಹಚ್ಚಿ ಮುಂದೆ ಇಟ್ಟೆ. ಯಾರು ಎಷ್ಟು ಸಕ್ಕರೆ ಹಾಕಿಕೊಳ್ಳುತ್ತಾರೆ, ಯಾರು ಬ್ರಶ್ಶಿನಿಂದ ದಿನಕ್ಕೆ ಎಷ್ಟು ಸಲ ತೊಳೆಯುತ್ತಾರೆ, ಯಾರ ಲೇಪ ಒಳ್ಳೆಯದು ಎಂದು ಇಬ್ಬರೂ ತಮ್ಮ ತಮ್ಮ ಗಾಡಿಯ ಮೈಲೇಜಿನಂತೆ ಜಗಳಕ್ಕೆ ಬಿದ್ದರು. ಕವರ್ ಕೊಳ್ಳಲು ಬಂದ ಗಿರಾಕಿಯೊಬ್ಬ ಸ್ವಲ್ಪ ಹೊತ್ತು ಕೇಳಿ, ನನ್ನ ಕಿವಿಯ ಹತ್ತಿರ ಬಗ್ಗಿದ.

“ಸ್ಪೀಕರ್ ಹೋಗೇತೇನ್ರಿ ಆ ಫೋನಿಂದು?”

“ಇಲ್ರಿ” ಎಂದೆ. “ಎರಡೂ ಕಡೆ ಚಲೋ ಕೇಳಾಕತ್ತೈತಿ.”